ಒಡವೆಯ ಬೆಲೆ, ಒಡವೆಯ ಬೆಡಗು

ಸ್ವಲ್ಪ ಹಣದಲ್ಲಿ ಸಿರಿವಂತಿಕೆಯ ಕಾಂತಿಯನ್ನು ಮೈಮೇಲೆ ಧರಿಸಬೇಕೆಂಬ ಆಸೆ ನಿಂದ್ಯವೆ? ಗಿಲೀಟಿನ ಸರವನ್ನೂ ಗಾಜಿನ ಹರಳಿನ ಓಲೆಯನ್ನೂ ತೊಟ್ಟವರನ್ನು ಕಂಡು ಮೂಗು ಮುರಿಯುವವರು ನಮ್ಮಲ್ಲಿ ಹಿಂದೆಯೂ ಇದ್ದರು, ಇಂದೂ ಇದ್ದಾರೆ. ಅವರ ಆಕ್ಷೇಪಣೆಯನ್ನು ಬಿಡಿಸಿ ನೋಡಿದರೆ ಅದರಲ್ಲಿ ಎರಡು ಮಾತು ಬೆರೆತಿರುವುದು ಕಾಣುತ್ತದೆ: ಇಲ್ಲದ ಸಂಪತ್ತನ್ನು ಇದೆಯೆಂದು ತೋರಿಸುವುದು ವಂಚನೆಯೆಂಬುದೊಂದು, ಬೆಲೆಯಿಲ್ಲದ ವಸ್ತುವಿನಲ್ಲಿ ನಿಜವಾದ ಸೌಂದರ್ಯ ನೆಲೆಸಲಾರದೆಂಬುದು ಇನ್ನೊಂದು. ಮೊದಲನೆಯದರಲ್ಲಿ ಸ್ವಲ್ಪ ಸತ್ಯವಿದೆ. ಎರಡನೆಯದರಲ್ಲಿ, ನನ್ನ ದೃಷ್ಟಿಯಲ್ಲಿ, ಎಳ್ಳಷ್ಟೂ ಇಲ್ಲ.

ನಮ್ಮ ದೇಶದಲ್ಲಿ ಒಡವೆಯು ಎರಡು ಕಾರ್ಯಗಳನ್ನು ಹೊತ್ತುಕೊಂಡು ಬಂದಿದೆ. ದೇಹಕ್ಕೆ ಅಲಂಕಾರವಾಗುವುದು ಒಂದು; ಸ್ತ್ರೀಧನವಾಗಿ, ಆಪದ್ಧನವಾಗಿ, ಮಳೆ ಬಾರದ ವರ್ಷದಲ್ಲಿಯೋ ಮನೆಯವರ ಕಾಯಿಲೆಯಲ್ಲಿಯೋ ಅಡವಿಡಲು ಒದಗುವ ಸಾಧನವಾಗಿ ಪೆಟ್ಟಿಗೆಯಲ್ಲಿ ಕಾದಿರುವುದು ಇನ್ನೊಂದು. ಈ ಎರಡನೆಯ ಕಾರ್ಯವನ್ನು ಹಳಿಯುವ ಅಧಿಕಾರ ಯಾರಿಗೂ ಇಲ್ಲ. ಭೂಮಿಕಾಣಿಯೆಲ್ಲ ಗಂಡಸರ ಹೆಸರಿನಲ್ಲಿದ್ದ ಕಾಲದಲ್ಲಿ ಹೆಣ್ಣುಮಕ್ಕಳು ತಮ್ಮದೆಂದು ಹೇಳಿಕೊಳ್ಳಬಹುದಾಗಿದ್ದ ಆಸ್ತಿ ಬಹುಮಟ್ಟಿಗೆ ಅದೊಂದೇ. ಆದರೆ ಕಲೆಗೆ ಅದರಿಂದ ಒಳಿತಾಯಿತೆಂದು ಹೇಳುವಂತಿಲ್ಲ. ಒಡವೆಯನ್ನು ಮಾರಲು ಹೋದಾಗ ಅಂಗಡಿಯವನು ಹರಳಿನ ತೂಕವನ್ನು ಕಳೆದು, ಕೊಳ್ಳುವಾಗ ನಾವು ತೆತ್ತ ಮಜೂರಿಯನ್ನು ಗಣನೆಗೇ ತಾರದೆ, ಬರಿಯ ಲೋಹಕ್ಕೆ ಬೆಲೆ ಕಟ್ಟುತ್ತಾನೆ. ಅಕ್ಕಸಾಲಿಗನು ಕಣ್ಣು ಸವೆಸಿ ಬಿಡಿಸಿದ ಬಳ್ಳಿಗೂ ಹಂಸಕ್ಕೂ ಆ ತಕ್ಕಡಿಯಲ್ಲಿ ತೂಕವಿಲ್ಲ. ಅಜ್ಜಿಯ ಅಡ್ಡಿಕೆಯು ಮೊಮ್ಮಗಳ ನೆಕ್ಲೇಸಾಗುವಾಗ ಕರಗಿ ಹೋಗುವುದು ಆ ಕೆಲಸವೇ ಹೊರತು ಚಿನ್ನವಲ್ಲ.

ಇದಕ್ಕೆ ಪ್ರತಿಯಾಗಿ, ಬೆಲೆಯಿಲ್ಲದ ಹರಳೊಂದು ಕಲೆಗೆ ಎಂತಹ ಉಪಕಾರ ಮಾಡಬಲ್ಲುದೆಂಬುದನ್ನು ಹದಿನೆಂಟನೆಯ ಶತಮಾನದ ಪ್ಯಾರಿಸ್ ನಗರವು ತೋರಿಸಿಕೊಟ್ಟಿತು. ಜಾರ್ಜ್ ಫ್ರೆಡೆರಿಕ್ ಸ್ಟ್ರಾಸ್ (1701–1773) ಎಂಬ ರತ್ನಶಿಲ್ಪಿಯು ಸೀಸದ ಅಂಶ ಹೆಚ್ಚಾಗಿರುವ ಗಾಜನ್ನು ವಜ್ರದಂತೆ ಸಾಣೆ ಹಿಡಿದು ಆಭರಣಗಳಲ್ಲಿ ಕೂಡಿಸಿದನು. ಸೀಸವು ಗಾಜಿನೊಳಗೆ ಬೆಳಕನ್ನು ಹೆಚ್ಚಾಗಿ ಬಾಗಿಸುವುದರಿಂದಲೂ ಬಣ್ಣಬಣ್ಣವಾಗಿ ಒಡೆಯುವುದರಿಂದಲೂ ಆ ಹರಳುಗಳು ದೀಪದ ಬೆಳಕಿನಲ್ಲಿ ಅಪೂರ್ವವಾಗಿ ಮಿನುಗಿದುವು. ಅವನು ತನ್ನ ಹರಳನ್ನು ವಜ್ರವೆಂದು ನಂಬಿಸಿ ಮಾರಿದವನಲ್ಲ. 1734ರಲ್ಲಿ ರಾಜನ ರತ್ನಕಾರನೆಂಬ ಪದವಿಯನ್ನು ಪಡೆದವನು. ವಜ್ರವನ್ನು ಕೊಳ್ಳಬಲ್ಲ ಶ್ರೀಮಂತರೇ ಆ ಗಾಜನ್ನು ಮೆಚ್ಚಿ ಧರಿಸಿದರು. ವಜ್ರವನ್ನು ಕಡಿಯುವಾಗ ಒಂದು ಚೂರೂ ವ್ಯರ್ಥವಾಗಬಾರದೆಂಬ ಭಯದಿಂದ ಶಿಲ್ಪಿಯ ಕೈ ಕಟ್ಟಿಹೋಗಿರುತ್ತದೆ. ಗಾಜಿನಲ್ಲಿ ಆ ಭಯವಿಲ್ಲದೆ, ಎಸಳಿಗೆ ಎಸಳಿನ ಆಕಾರ, ಗಂಟಿಗೆ ಗಂಟಿನ ಆಕಾರ ಎಂಬಂತೆ, ವಿನ್ಯಾಸವು ಬೇಡಿದ ಹಾಗೆ ಹರಳನ್ನು ಕೊರೆದು, ನಡುವೆ ಸಂದಿಯಿಲ್ಲದಂತೆ ಕೂಡಿಸುವ ಸ್ವಾತಂತ್ರ್ಯ ಅವನಿಗೆ ದೊರೆಯಿತು. ಇನ್ನೂ ವಿಶೇಷವೆಂದರೆ, ಆ ಕಾಲದ ವಜ್ರಾಭರಣಗಳಲ್ಲಿ ಎಷ್ಟೋ ಮುಂದಿನ ತಲೆಮಾರಿನ ಅಭಿರುಚಿಗೆ ಬಲಿಯಾಗಿ ಒಡೆದುಹೋದುವು, ಅವುಗಳ ಹರಳು ಹೊಸ ಕಡಿತಕ್ಕೂ ಲೋಹ ಮೂಸೆಗೂ ಸಂದಿತು. ಒಡೆದರೆ ಏನೂ ದೊರೆಯದ ಗಾಜಿನ ಆಭರಣಗಳೋ ಇಡಿಯಾಗಿ ಉಳಿದು, ಆ ಯುಗದ ಕೈಚಳಕಕ್ಕೆ ಇಂದು ಸಾಕ್ಷಿ ನುಡಿಯುತ್ತಿವೆ.

ಇಪ್ಪತ್ತನೆಯ ಶತಮಾನದಲ್ಲಿ ಉಡುಪುಗಳ ವಿನ್ಯಾಸಕಿ ಕೊಕೊ ಶನೆಲ್ ಅದೇ ಪ್ಯಾರಿಸ್ಸಿನಲ್ಲಿ ಈ ಹಾದಿಯನ್ನು ರಾಜಮಾರ್ಗವನ್ನಾಗಿ ಮಾಡಿದಳು. ಕರಗಿಸಿದ ಗಾಜನ್ನು ಲೋಹದ ಚೌಕಟ್ಟಿನೊಳಗೆ ಎರೆಯುವ ಗ್ರಿಪ್ವಾ ಮನೆತನದ ಕುಶಲಿಗಳು ಅವಳಿಗಾಗಿ ದುಡಿದರು. ನಿಜಮುತ್ತನ್ನೂ ಕೃತಕಮುತ್ತನ್ನೂ ಒಂದೇ ಕೊರಳಲ್ಲಿ ಬೆರೆಸಿ ಧರಿಸಲು ಅವಳು ಅಳುಕಲಿಲ್ಲ.

ನಮ್ಮ ನಾಡಿಗೂ ಈ ವಿವೇಕವು ಹೊಸದಲ್ಲ. ಯಕ್ಷಗಾನದ ಕಿರೀಟ, ಭುಜಕೀರ್ತಿ, ಎದೆಕಟ್ಟುಗಳು ಹಗುರವಾದ ಮರದಲ್ಲಿ ಕೊರೆದು, ಹೊಂಬಣ್ಣದ ಬೇಗಡೆಯನ್ನೂ ಕನ್ನಡಿಯ ಚೂರುಗಳನ್ನೂ ಹಚ್ಚಿ ಮಾಡಿದವು. ಅಪ್ಪಟ ಚಿನ್ನದ ಭಾರವನ್ನು ಹೊತ್ತು ಇರುಳೆಲ್ಲ ಕುಣಿಯುವುದು ಯಾವ ಕರ್ಣನಿಗೂ ಸಾಧ್ಯವಾಗದು. ಕೊಡಗಿನ ಜೋಮಾಲೆಯ ಗುಂಡುಗಳೂ ತೆಳುವಾದ ಚಿನ್ನದ ತಗಡಿನೊಳಗೆ ಅರಗನ್ನು ತುಂಬಿ ಮಾಡಿದವೇ. ಅದು ಕೃತಕವೆಂದು ಯಾವ ಕೊಡಗಿನ ವಧುವೂ ನಾಚಿಕೊಂಡುದಿಲ್ಲ.

ಇನ್ನು ವಂಚನೆಯ ಮಾತು. ಅಸತ್ಯವು ವಸ್ತುವಿನಲ್ಲಿರುವುದಿಲ್ಲ, ಅದನ್ನು ಮಾರುವವನ ನುಡಿಯಲ್ಲಿರುತ್ತದೆ. 1893ರಲ್ಲಿ ಜಪಾನಿನ ಮಿಕಿಮೊಟೊ ಕೊಕಿಚಿಯು ಚಿಪ್ಪಿನೊಳಗೆ ಬೀಜವನ್ನಿಟ್ಟು ಅರೆಗೋಲದ ಮುತ್ತನ್ನು ಬೆಳೆಸಿದನು. ಮುಂದೆ ಪೂರ್ಣಗೋಲದ ಮುತ್ತುಗಳು ಬಂದಾಗ ಯೂರೋಪಿನ ವರ್ತಕರು ಅವು ಹುಸಿಯೆಂದು ಬೊಬ್ಬೆಯಿಟ್ಟರು. ಇಂದು ಅಂಗಡಿಗಳಲ್ಲಿರುವ ಮುತ್ತುಗಳು ಬಹುಪಾಲು ಸಾಕಿ ಬೆಳೆಸಿದವೇ, ಹಾಗೆಂದು ಹೇಳಿಯೇ ಮಾರಲ್ಪಡುವವು. ಆದುದರಿಂದ ಅಲ್ಲಿ ಮೋಸವೂ ಇಲ್ಲ. ಅತ್ತ, ಅಪ್ಪಟವೆಂದು ಮೆರೆದ ಚಿನ್ನದಲ್ಲಿಯೇ ಎಷ್ಟು ಸುಳ್ಳು ಅಡಗಿರುತ್ತಿತ್ತೆಂಬುದಕ್ಕೆ, 2021ರಿಂದ ನಮ್ಮ ದೇಶದಲ್ಲಿ ಹಂತಹಂತವಾಗಿ ಹಾಲ್‌ಮಾರ್ಕ್ ಮುದ್ರೆಯನ್ನು ಕಡ್ಡಾಯ ಮಾಡಬೇಕಾಗಿ ಬಂದುದೇ ಪ್ರಮಾಣ. ಇಪ್ಪತ್ತೆರಡು ಕ್ಯಾರಟ್ಟೆಂದು ತೆತ್ತ ಹಣಕ್ಕೆ 916ರ ಶುದ್ಧಿ ದೊರೆಯದ ಬಳೆಗಿಂತ, ಬೆಳ್ಳಿಗೆ ಚಿನ್ನದ ಲೇಪವೆಂದು ತಾನಾಗಿ ಹೇಳಿಕೊಳ್ಳುವ ಬಳೆ ಹೆಚ್ಚು ಸತ್ಯವಂತವಾದುದು. ಒಬ್ಬ ವಿನ್ಯಾಸಕಾರನು ಶ್ರಮಪಟ್ಟು ಕಲ್ಪಿಸಿದ ರೂಪವನ್ನು ಎತ್ತಿಕೊಂಡು ಅಗ್ಗದಲ್ಲಿ ಅಚ್ಚೊತ್ತುವುದನ್ನು ಮಾತ್ರ ನಾನು ಸಮರ್ಥಿಸಲಾರೆ. ಅಲ್ಲಿ ಕಳವಾಗುವುದು ಲೋಹವಲ್ಲ, ಬುದ್ಧಿ.

ಕಡಿಮೆ ಬೆಲೆಯ ಒಡವೆಯನ್ನು ಆರಿಸುವವರು ಮೊದಲು ಅದರ ಬೆನ್ನನ್ನು ತಿರುವಿ ನೋಡತಕ್ಕದ್ದು. ಹರಳನ್ನು ಹಿಡಿದಿರುವುದು ಲೋಹದ ಹಲ್ಲೋ ಬರಿಯ ಅಂಟೋ, ಕೊಂಡಿ ಗಟ್ಟಿಯಾಗಿದೆಯೋ, ಅಂಚು ಚರ್ಮಕ್ಕೆ ಚುಚ್ಚುವುದೋ ಎಂಬುದು ಅಲ್ಲಿ ತಿಳಿಯುತ್ತದೆ. ನಿಕಲ್ ಬೆರೆತ ಲೋಹದಿಂದ ಕೆಲವರ ಮೈ ತುರಿಸುವುದುಂಟು. ಅಂಥವರಿಗೆ ಲೇಪವಿರುವ ಬೆಳ್ಳಿಯೇ ಲೇಸು. ಲೇಪ ಮಾಸಿದರೆ ಮತ್ತೆ ಹಾಕಿಸಬಹುದು. ಹತ್ತು ಸರಗಳಿಗೆ ಹಂಚುವ ಹಣವನ್ನು ನಯವಾದ ಕೆಲಸದ ಒಂದೇ ಸರಕ್ಕೆ ಕೊಟ್ಟರೆ ಶ್ರೀಮಂತಿಕೆಯ ಶೋಭೆ ತಾನಾಗಿ ಬರುತ್ತದೆ.

ಈ ವಿಷಯವನ್ನು ಇಷ್ಟು ಬೆಳೆಸಿದುದಕ್ಕೆ ಕಾರಣ ನಮ್ಮ ಮದುವೆಯ ಮನೆಗಳು. ಒಂದು ದಿನದ ಮೆರವಣಿಗೆಗಾಗಿ ತಂದೆಯು ವರ್ಷಗಟ್ಟಲೆ ತೀರದ ಸಾಲವನ್ನು ತಲೆಯ ಮೇಲೆ ಎಳೆದುಕೊಳ್ಳುವುದನ್ನು ನೋಡಿ ಸುಮ್ಮನಿರುವುದು ಕಷ್ಟ. ಮಗಳ ಆಪತ್ಕಾಲಕ್ಕೆಂದು ಕೊಡುವ ಚಿನ್ನವನ್ನು, ಶಕ್ತಿಯಿದ್ದಷ್ಟು, ಮಜೂರಿ ಹೆಚ್ಚು ತಗಲದ ನಾಣ್ಯವಾಗಿ ಅವಳ ಹೆಸರಿನಲ್ಲಿಡಲಿ. ಮಂಟಪದ ಅಲಂಕಾರಕ್ಕೆ ಕೆಂಪುಹರಳಿನ, ಲೇಪದ ಬೆಳ್ಳಿಯ, ಚೆಲುವಾದ ಕೆಲಸದ ಒಡವೆಗಳು ಬರಲಿ. ಈ ಮಾತನ್ನು ಬೀಗರೊಡನೆ ನಿಶ್ಚಿತಾರ್ಥಕ್ಕೆ ಮುಂಚೆಯೇ ಬಿಚ್ಚಿ ಆಡತಕ್ಕದ್ದು, ಮತ್ತು ಗಂಡಿನ ಕಡೆಯವರೇ ಮುಂದಾಗಿ ಆಡುವುದು ಇನ್ನೂ ಉತ್ತಮ.