ಗೃಹಾರೋಗ್ಯ: ಬಿದ್ದ ಹಲ್ಲಿನ ರಕ್ಷಣೆ

ಸಂಸ್ಕೃತದಲ್ಲಿ ಹಕ್ಕಿಗೂ ಹಲ್ಲಿಗೂ ದ್ವಿಜವೆಂಬ ಒಂದೇ ಹೆಸರುಂಟು. ಹಕ್ಕಿಯು ಮೊದಲು ಮೊಟ್ಟೆಯಾಗಿ ಬಳಿಕ ಮರಿಯಾಗಿ ಹುಟ್ಟುವಂತೆ, ಹಲ್ಲೂ ಎರಡು ಸಲ ಹುಟ್ಟುವುದು. ಗೃಹಸ್ಥರು ಅರಿತಿರಬೇಕಾದ ವೈದ್ಯವಿವೇಕವೊಂದು ಈ ಹೆಸರಿನಲ್ಲಿಯೇ ಅಡಗಿದೆ. ಮೊದಲು ಹುಟ್ಟುವ 20 ಹಾಲುಹಲ್ಲುಗಳಲ್ಲಿ ಒಂದು ಪೆಟ್ಟು ತಗಲಿ ಕಳಚಿದರೆ ಅದನ್ನು ಮರಳಿ ಕೂರಿಸಕೂಡದು. ಒಳಗೆ ಬೆಳೆಯುತ್ತಿರುವ ಹಲ್ಲಿಗೆ ಹಾನಿಯಾದೀತು. ದಂತವೈದ್ಯರು ಒಮ್ಮೆ ನೋಡಿದ ಮೇಲೆ, ಅದನ್ನು ಅಜ್ಜಿಯರ ಪದ್ಧತಿಯಂತೆ ಸೆಗಣಿಯಲ್ಲಿ ಸುತ್ತಿ ಮಾಡಿನ ಮೇಲೆಸೆಯಲು ನಮ್ಮ ಅಡ್ಡಿಯೇನೂ ಇಲ್ಲ. ಎರಡನೆಯ ಹಲ್ಲಿನ ಸಂಗತಿಯೇ ಬೇರೆ. ಅದಕ್ಕೆ ಮೂರನೆಯ ಜನ್ಮವಿಲ್ಲ. ಆದಕಾರಣ ಬಿದ್ದುದನ್ನೇ ಉಳಿಸಿಕೊಳ್ಳತಕ್ಕದ್ದು.

ಹೀಗೆ ಉಳಿಯುವುದು ಸಾಧ್ಯವೆಂಬುದನ್ನು ನಂಬದವರು ಹಲವರು. ಹಲ್ಲಿನ ಬೇರನ್ನು ಸಜೀವವಾದ ತೆಳುಪೊರೆಯೊಂದು ಸುತ್ತಿಕೊಂಡಿರುವುದು. ಹಲ್ಲು ದವಡೆಯೊಡನೆ ಮತ್ತೆ ಬೆಸೆದುಕೊಳ್ಳುವುದು ಅದರಿಂದಲೇ. ಗಾಳಿಗೆ ಒಣಗಿದಲ್ಲಿ ಅದು ಕೆಲವು ನಿಮಿಷಗಳಲ್ಲಿಯೇ ಕೆಡತೊಡಗುವುದು. 60 ನಿಮಿಷ ಕಳೆದರೆ ಆಸೆ ಬಹುಮಟ್ಟಿಗೆ ಹೋದಂತೆಯೇ. ಶಾಲೆಯ ಅಂಗಳದಲ್ಲಿ ಬಹುಕಾಲ ಕಳೆದ ನಾವು ಕಂಡಂತೆ, ಚಿನ್ನಿದಾಂಡಿನ ಪೆಟ್ಟಿಗೆ ಹಲ್ಲು ಬಿದ್ದೊಡನೆ ಹಿರಿಯರು ಅದನ್ನು ಶುಭ್ರವಾಗಿ ಉಜ್ಜಿ, ಕಾಗದದಲ್ಲಿ ಕಟ್ಟಿಡುವರು. ಇದಕ್ಕಿಂತ ಕೇಡು ಬೇರಿಲ್ಲ.

ಬಾಯಲ್ಲಿ ಕಾಣುವ ಬಿಳಿಯ ಭಾಗವನ್ನು ಮಾತ್ರ ಹಿಡಿದೆತ್ತಬೇಕು; ಬೇರನ್ನು ಮುಟ್ಟಕೂಡದು. ಮಣ್ಣು ಹತ್ತಿದ್ದರೆ ಹಾಲಿನಲ್ಲಿ ಕ್ಷಣಕಾಲ ಅದ್ದಿ ತೊಳೆದು, ಮುಂಬದಿಯು ಮುಂದಕ್ಕೆ ಬರುವಂತೆ ಅದರ ಕುಳಿಯಲ್ಲಿಯೇ ಮೆಲ್ಲನೆ ಕೂರಿಸಿ, ಮಡಿಸಿದ ಶುಭ್ರವಸ್ತ್ರವನ್ನು ಕಚ್ಚಿ ಹಿಡಿಯಹೇಳಿ, ಒಡನೆಯೇ ದಂತವೈದ್ಯರಲ್ಲಿಗೆ ಕರೆದೊಯ್ಯಬೇಕು. ಮಗುವು ಒಪ್ಪದಿದ್ದರೆ, ಅಥವಾ ಆರೇಳು ವರ್ಷದ ಮಗುವಾಗಿದ್ದು ಹಾಲುಹಲ್ಲೋ ಅಲ್ಲವೋ ಎಂಬ ಸಂದೇಹವಿದ್ದರೆ, ಸಕ್ಕರೆ ಬೆರೆಸದ ತಣ್ಣನೆಯ ಹಾಲಿನಲ್ಲಿ ಹಲ್ಲನ್ನು ಮುಳುಗಿಸಿ ಒಯ್ಯುವುದು ಲೇಸು. ಮಜ್ಜಿಗೆ ಆಗದು. ಹಾಲು ದೊರೆಯದಿದ್ದಲ್ಲಿ ಬಟ್ಟಲಲ್ಲಿ ಉಗುಳಿಸಿ ಆ ಎಂಜಲಿನಲ್ಲಿಯೇ ಇಡಬಹುದು, ಮಡಿವಂತರು ಕ್ಷಮಿಸಬೇಕು. ನೀರಿನಲ್ಲಿಟ್ಟರೆ ಪೊರೆಯ ಜೀವಕಣಗಳು ನೀರು ಹೀರಿ ಬಿರಿಯುವುವು. ಧನುರ್ವಾಯುವಿನ ಚುಚ್ಚುಮದ್ದಿನ ವಿಷಯವನ್ನೂ ವೈದ್ಯರಲ್ಲಿ ವಿಚಾರಿಸತಕ್ಕದ್ದು. ಪೆಟ್ಟು ತಿಂದವರಿಗೆ ಎಚ್ಚರ ತಪ್ಪಿದ್ದರೆ ಅಥವಾ ವಾಂತಿಯಾಗುತ್ತಿದ್ದರೆ ಹಲ್ಲಿನ ಚಿಂತೆ ಆಮೇಲೆ; ಮೊದಲು ಆಸ್ಪತ್ರೆ.

ಬರಿಯ ಹಲ್ಲುನೋವಿಗೆ ಉಗುರುಬೆಚ್ಚಗಿನ ಉಪ್ಪುನೀರಿನಿಂದ ಮುಕ್ಕಳಿಸುವುದೂ, ಕಟ್ಟಿನ ಮೇಲೆ ಬರೆದಿರುವ ಪ್ರಮಾಣ ಮೀರದಂತೆ ಪ್ಯಾರಸಿಟಮಾಲ್ ನುಂಗುವುದೂ ವೈದ್ಯರನ್ನು ಕಾಣುವವರೆಗೆ ಸಾಕು. ಆಸ್ಪಿರಿನ್ ಗುಳಿಗೆಯನ್ನು ಒಸಡಿಗೆ ಒತ್ತಿಡುವ ರೂಢಿಯನ್ನು ಬಿಡಬೇಕು, ಅದು ಒಸಡನ್ನು ಸುಡುವುದು. ನಶ್ಯ, ಹೊಗೆಸೊಪ್ಪುಗಳ ಮಾತೇ ಬೇಡ.

ಆದರೆ ನೋವಿನೊಡನೆ ಗದ್ದದ ಕೆಳಗೆ ಬಾವು ಹರಡಿ, ಜ್ವರವೇರಿ, ಬಾಯಿ ತೆರೆಯಲೂ ನುಂಗಲೂ ಕಷ್ಟವಾದರೆ ಬೆಳಗಾಗಲೆಂದು ಕಾಯಕೂಡದು. ಜರ್ಮನಿಯ ಲುಡ್ವಿಗ್ ಎಂಬ ವೈದ್ಯನು 1836ರಲ್ಲಿ ವರ್ಣಿಸಿದ ವ್ಯಾಧಿ ಇದು. ಹುಳುಕುಹಲ್ಲಿನಿಂದ ಹೊರಟ ಕೀವು ನಾಲಗೆಯನ್ನು ಮೇಲೆತ್ತಿ ಉಸಿರಿನ ದಾರಿಯನ್ನೇ ಮುಚ್ಚುವುದು. ಅಂಥವರನ್ನು ಅಡ್ಡ ಮಲಗಿಸದೆ, ಕೂರಿಸಿಕೊಂಡೇ ದೊಡ್ಡ ಆಸ್ಪತ್ರೆಗೆ ಸಾಗಿಸಬೇಕು.