‘ಗುಪ್ತ’ವಾಗಿಟ್ಟದ್ದು ಯಾರಿಗಾಗಿ?
2007ರಲ್ಲಿ ನಮ್ಮ ರಾಜ್ಯದ ಶಾಲೆಗಳಲ್ಲಿ ಲೈಂಗಿಕ ಶಿಕ್ಷಣವನ್ನು ತಡೆಹಿಡಿದಾಗ ಸಂಸ್ಕೃತಿ ಉಳಿಯಿತೆಂದು ಹಿಗ್ಗಿದವರನ್ನು ನಾನು ಬಲ್ಲೆ. ಉಳಿದದ್ದು ಅಜ್ಞಾನ. ಆ ಪಾಠವನ್ನು ಬಸ್ ನಿಲ್ದಾಣದ ಗೋಡೆಗಳ ಮೇಲಿನ ‘ಗುಪ್ತರೋಗ ತಜ್ಞ’ರಿಗೆ ಬಿಟ್ಟುಕೊಟ್ಟಂತಾಯಿತು.

ಸಿಫಿಲಿಸ್ಸಿನ ಮೊದಲ ಹುಣ್ಣು ಸಾಮಾನ್ಯವಾಗಿ ನೋಯುವುದಿಲ್ಲ. ಔಷಧವಿಲ್ಲದೆಯೂ ಕೆಲವು ವಾರಗಳಲ್ಲಿ ಮಾಯುತ್ತದೆ. ಕೀರ್ತಿ ಮಾತ್ರ ಲಾಡ್ಜಿನ ವೈದ್ಯನ ಪುಡಿಗೆ! ರೋಗವೋ ಮೈಯಲ್ಲೇ ಅಡಗಿದ್ದು, ಮುಂದೆ ಅಂಗೈ ಅಂಗಾಲುಗಳಲ್ಲಿ ತುರಿಕೆಯಿಲ್ಲದ ಗಂಧೆಯಾಗಿ ಕಾಣಿಸಬಹುದು. ವರ್ಷಗಳ ನಂತರ ಹೃದಯ, ಮಿದುಳುಗಳನ್ನು ಕೆಡಿಸಬಹುದು. ಗರ್ಭದ ಶಿಶುವನ್ನೂ ಬಿಡದು. ಕಾಂಡೋಮ್, ರಕ್ತಪರೀಕ್ಷೆ, ಪೆನಿಸಿಲಿನ್ ಚುಚ್ಚುಮದ್ದು, ಸಂಗಾತಿಗೂ ಚಿಕಿತ್ಸೆ: ಇಷ್ಟನ್ನು ತಿಳಿಸಲು ಒಂದು ಪೀರಿಯಡ್ ಸಾಕು.

ಆ ಅಧ್ಯಾಯ ಬಂದೊಡನೆ ‘ಮನೆಯಲ್ಲೇ ಓದಿಕೊಳ್ಳಿ’ ಎನ್ನುವ ಮೇಷ್ಟ್ರುಗಳೇ, ಯಾವ ಮನೆಯಲ್ಲಿ, ಯಾರನ್ನು ಕೇಳಿ ಓದಿಕೊಳ್ಳಬೇಕು?