ಮಾರ್ಚ್ ತಿಂಗಳ ತಾಯಂದಿರು

ಮಾರ್ಚ್ ಬಂತೆಂದರೆ ಬ್ಯಾಂಕು, ಖಜಾನೆ, ಲೆಕ್ಕಪರಿಶೋಧಕರ ಕಚೇರಿಗಳಲ್ಲಿ ರಾತ್ರಿ ಎಂಟಾದರೂ ದೀಪ ಆರುವುದಿಲ್ಲ. 31ರೊಳಗೆ ವರ್ಷದ ಲೆಕ್ಕ ಮುಗಿಯಬೇಕು, ಸಾಲ ವಸೂಲಿಯ ಟಾರ್ಗೆಟ್ ಮುಟ್ಟಬೇಕು, ಬಿಲ್ಲುಗಳು ಪಾಸಾಗಬೇಕು. ದ್ವಿತೀಯ ಪಿಯುಸಿ ಪರೀಕ್ಷೆಯೂ ಅದೇ ತಿಂಗಳು, ಅದರ ಬೆನ್ನಿಗೇ ಎಸ್ಸೆಸ್ಸೆಲ್ಸಿ. ಆ ಕಚೇರಿಗಳಲ್ಲಿ ಕೂತ ನಲವತ್ತರ ಆಸುಪಾಸಿನ ಹೆಂಗಸರಲ್ಲಿ ಎಷ್ಟೋ ಮಂದಿಯ ಮನೆಯಲ್ಲಿ ಹಾಲ್‌ಟಿಕೆಟ್ ಹಿಡಿದ ಮಗನೋ ಮಗಳೋ ಇರುತ್ತಾರೆ. ನಾಲ್ಕು ದಿನ ರಜೆ ಕೇಳಿದರೆ ಬರುವ ಉತ್ತರ ನಮಗೆಲ್ಲ ಗೊತ್ತಿರುವುದೇ: ‘ಮಕ್ಕಳು ದೊಡ್ಡವರಾದರಲ್ಲ ಮೇಡಂ, ಇನ್ನೇನು ನಿಮಗೆ?’

ಈ ಮಾತು ಮನೆಯಲ್ಲೂ ಕೇಳುತ್ತದೆ. ನಮ್ಮ ಕಾನೂನುಗಳೊಳಗೂ ಕೂತಿದೆ. ಹೆಚ್ಚು ಸಂಖ್ಯೆಯಲ್ಲಿ ಹೆಂಗಸರು ದುಡಿಯುವ ಕಡೆ ಆರು ವರ್ಷದೊಳಗಿನ ಮಕ್ಕಳಿಗೆ ಜಾಗ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿಯಾಗಿ ಮೊದಲ ಎರಡು ಹೆರಿಗೆಗೆ 26 ವಾರಗಳ ರಜೆ ಬಂತು, 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳಲ್ಲಿ ಶಿಶುಪಾಲನಾ ಕೇಂದ್ರ ಕಡ್ಡಾಯವಾಯಿತು. ನರೇಗಾ ಕೆಲಸಕ್ಕೆ ಹೋಗುವ ತಾಯಂದಿರಿಗಾಗಿ ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ಗಳು ತೆರೆದವು. ಇವೆಲ್ಲ ಕೇಳಿ, ಕಾಡಿ ಪಡೆದವು. ಯಾವುದನ್ನೂ ಕಡಿಮೆ ಎನ್ನಲಾರೆ. ಆದರೆ ಇವುಗಳ ಕಣ್ಣಲ್ಲಿ ತಾಯಿ ಎಂದರೆ ಕಂಕುಳಲ್ಲಿ ಕೂಸಿರುವವಳು ಮಾತ್ರ. ಕೂಸಿಗೆ ಆರು ತುಂಬಿದ ಮೇಲೆ ಅವಳು ಅವಕ್ಕೆ ಕಾಣಿಸುವುದೇ ಇಲ್ಲ.

ನನಗೆ ಕಾಣುವುದು ಬೇರೆಯೇ. ಎಳೆಗೂಸಿನ ಆರೈಕೆ ಕಷ್ಟದ್ದೇ, ಆದರೆ ಅದಕ್ಕೆ ಕೈಜೋಡಿಸುವವರು ಇರುತ್ತಾರೆ. ಅಮ್ಮ ಬಂದು ಎಣ್ಣೆ ನೀರು ಹಾಕುತ್ತಾಳೆ, ಅತ್ತೆ ಊಟ ಮಾಡಿಸುತ್ತಾರೆ, ಪಕ್ಕದ ಮನೆಯವರು ತೊಟ್ಟಿಲು ತೂಗುತ್ತಾರೆ. ಹದಿನಾಲ್ಕರ ಮಗಳ ಮನಸ್ಸಿನಲ್ಲಿ ಇರುವುದನ್ನು ಕೇಳಿಸಿಕೊಳ್ಳುವ ಕೆಲಸವನ್ನು ಹಾಗೆ ಇನ್ನೊಬ್ಬರ ಕೈಗೆ ಕೊಡಲು ಬರುವುದಿಲ್ಲ. ಅದೂ ಅವಳು ನಾವು ಕೇಳಿದಾಗ ಹೇಳುವುದಿಲ್ಲ. ‘ಸ್ಕೂಲು ಹೇಗಿತ್ತೇ?’ ಎಂದರೆ ‘ಸರಿ ಇತ್ತು’ ಅಷ್ಟೇ. ಅವಳಿಗೆ ಹೇಳಬೇಕೆನಿಸುವುದು ಹುರುಳಿಕಾಯಿ ಹೆಚ್ಚುತ್ತಿರುವಾಗಲೋ, ಸ್ಕೂಟರಿನ ಹಿಂದೆ ಕೂತಾಗಲೋ, ರಾತ್ರಿ ಹನ್ನೊಂದಕ್ಕೆ ನಾವು ಮಲಗಲು ಹೊರಟಾಗಲೋ. ಆಗ ಹತ್ತಿರ ಇದ್ದವರಿಗೆ ಮಾತ್ರ ಅದು ಸಿಗುತ್ತದೆ. ವಾರದಲ್ಲಿ ಒಂದು ಗಂಟೆ ಮಕ್ಕಳಿಗೆಂದೇ ಮೀಸಲಿಡಿ ಎಂಬ ಸಲಹೆ ಈ ವಯಸ್ಸಿಗೆ ಸ್ವಲ್ಪವೂ ಹೊಂದುವುದಿಲ್ಲ. ‘ನೀನು ಫೋನ್ ಇಟ್ಟ ಮೇಲೆ ಹೇಳ್ತೀನಿ ಬಿಡಮ್ಮಾ’ ಎಂದ ಮಗ ಫೋನ್ ಇಟ್ಟ ಮೇಲೆ ಹೇಳುವುದಿಲ್ಲ ಎಂಬುದು ದುಡಿಯುವ ತಾಯಂದಿರಿಗೆಲ್ಲ ಗೊತ್ತು. ಇನ್ನು, ಅಂದು ಎಣ್ಣೆ ನೀರು ಹಾಕಿದ ಅಮ್ಮನಿಗೆ ಈಗ ಎಪ್ಪತ್ತು ದಾಟಿ, ಮಂಡಿ ನೋವಿಗೆ ಅವಳನ್ನೇ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಾಗಿರುತ್ತದೆ.

ನೌಕರಿಯಲ್ಲಿ ದೊಡ್ಡ ಬಾಗಿಲು ತೆರೆಯುವುದೂ ಇದೇ ವರ್ಷಗಳಲ್ಲಿ. ಬ್ಯಾಂಕಿನಲ್ಲಿ ಬಡ್ತಿ ಎಂದರೆ ಬಹುಪಾಲು ವರ್ಗಾವಣೆ. ಮಗಳು ಹತ್ತನೇ ಕ್ಲಾಸಿಗೆ ಬಂದಳೆಂದು ಬಡ್ತಿ ಬೇಡವೆಂದು ಬರೆದುಕೊಟ್ಟ ಅಧಿಕಾರಿಣಿಯರನ್ನು ನಾನು ಬಲ್ಲೆ. ಅದೇ ಶಾಖೆಯ ಅಪ್ಪಂದಿರು ಹಾಗೆ ಬರೆದುಕೊಟ್ಟದ್ದನ್ನು ಕೇಳಿಲ್ಲ. ಭಾರತೀಯ ಸ್ಟೇಟ್ ಬ್ಯಾಂಕಿನ ಮೊದಲ ಮಹಿಳಾ ಅಧ್ಯಕ್ಷೆಯಾಗಿ 2013ರಿಂದ 2017ರವರೆಗೆ ಇದ್ದ ಅರುಂಧತಿ ಭಟ್ಟಾಚಾರ್ಯ ಅವರೂ ಈ ಕವಲಿಗೆ ಬಂದು ನಿಂತವರೇ. ಲಖನೌಗೆ ವರ್ಗವಾದಾಗ ಮಗಳಿಗೆ ಶಾಲೆ ಸಿಗದೆ ಕೆಲಸ ಬಿಡುವ ಯೋಚನೆ ಮಾಡಿದ್ದೆ ಎಂದು ಅವರೇ ಹೇಳಿಕೊಂಡಿದ್ದಾರೆ. ಹಿರಿಯ ಅಧಿಕಾರಿಯೊಬ್ಬರು ತಡೆದರು, ಅವರು ಉಳಿದರು. ಅಧ್ಯಕ್ಷೆಯಾದ ಮೇಲೆ ಅವರು ತಂದದ್ದು, ಮಕ್ಕಳ ಅಥವಾ ಹಿರಿಯರ ಆರೈಕೆಗಾಗಿ ಮಹಿಳಾ ನೌಕರರು ಎರಡು ವರ್ಷದವರೆಗೆ ಬಿಡುವು ಪಡೆದು ಮತ್ತೆ ಕೆಲಸಕ್ಕೆ ಮರಳುವ ಅವಕಾಶ. ನನಗೆ ಅವರ ಹುದ್ದೆಗಿಂತ ದೊಡ್ಡದಾಗಿ ಕಾಣುವುದು ಇದು. ತಡೆಯುವ ಹಿರಿಯರು ಎಲ್ಲರಿಗೂ ಸಿಗುವುದಿಲ್ಲ, ನಿಯಮ ಎಲ್ಲರಿಗೂ ಸಿಗುತ್ತದೆ.

ಮಕ್ಕಳು ಬೆಳೆದ ಮೇಲೆ ಹೆಂಗಸರು ಹಿಂದೆ ಬಿದ್ದುದನ್ನು ತುಂಬಿಕೊಳ್ಳುತ್ತಾರೆ ಎನ್ನುವವರಿದ್ದಾರೆ. 2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಕ್ಲೌಡಿಯಾ ಗೋಲ್ಡಿನ್ ಇಬ್ಬರು ಸಹೋದ್ಯೋಗಿಗಳ ಜೊತೆ ಅಮೆರಿಕದ ಕುಟುಂಬಗಳಲ್ಲಿ ಇದನ್ನೇ ಹುಡುಕಿ ನೋಡಿದ್ದಾರೆ. ಮಕ್ಕಳು ದೊಡ್ಡವರಾದಂತೆ ತಾಯಂದಿರ ದುಡಿಮೆಯ ಗಂಟೆಗಳು ಹೆಚ್ಚುತ್ತವೆ, ಮಕ್ಕಳಿಲ್ಲದ ಹೆಂಗಸರ ಗಳಿಕೆಯ ಹತ್ತಿರಕ್ಕೂ ಬರುತ್ತಾರೆ. ಆದರೆ ಅಪ್ಪಂದಿರ ಗಳಿಕೆಯನ್ನು ಮುಟ್ಟುವುದಿಲ್ಲ. ಅಲ್ಲಿನ ಸ್ಥಿತಿ ಇದಾದರೆ ಅಡುಗೆ, ಟ್ಯೂಷನ್, ಅತ್ತೆಯ ಮಾತ್ರೆ ಎಲ್ಲವೂ ಒಬ್ಬಳ ತಲೆಯ ಮೇಲಿರುವ ನಮ್ಮ ಮನೆಗಳ ಲೆಕ್ಕ ಹೇಳಬೇಕಿಲ್ಲ.

ಆಗಬೇಕಾದ್ದು ಹೊಸದೇನೂ ಅಲ್ಲ. ಕೇಂದ್ರ ಸರ್ಕಾರದ ಮಹಿಳಾ ನೌಕರರಿಗೆ ಮೊದಲ ಎರಡು ಮಕ್ಕಳಿಗೆ 18 ತುಂಬುವವರೆಗೆ, ಇಡೀ ಸೇವೆಯಲ್ಲಿ 730 ದಿನ ಶಿಶುಪಾಲನಾ ರಜೆಯಿದೆ. ಪರೀಕ್ಷೆ, ಕಾಯಿಲೆಯಂಥ ಕಾರಣಕ್ಕೂ ಅದನ್ನು ತೆಗೆದುಕೊಳ್ಳಬಹುದು. ಬೆಳೆದ ಮಗುವೂ ಮಗುವೇ ಎಂದು ಒಪ್ಪಿದ ನಿಯಮ ಅದು. ನಮ್ಮ ರಾಜ್ಯ 2021ರ ಬಜೆಟ್‌ನಲ್ಲಿ ಆರು ತಿಂಗಳು ಘೋಷಿಸಿತು. ಅದು ಕೇಂದ್ರದ ಮಟ್ಟಕ್ಕೆ ಏರಬೇಕು. ಖಾಸಗಿ ಕಂಪನಿಗಳಲ್ಲಿ, ಗಾರ್ಮೆಂಟ್ಸ್‌ನಲ್ಲಿ ದುಡಿಯುವವರಿಗೆ ಇಂಥ ಹಕ್ಕೇ ಇಲ್ಲ. ಸಂಜೆ ನಾಲ್ಕೂವರೆಗೆ ಶಾಲೆ ಬಿಟ್ಟ ಹುಡುಗ ಬೀಗ ತೆಗೆದು ಒಬ್ಬನೇ ಮನೆಯೊಳಗೆ ಹೋಗುತ್ತಾನೆ, ಅಮ್ಮ ಬರುವುದು ಏಳಕ್ಕೆ. ಶಾಲೆಯ ಅಂಗಳದಲ್ಲೇ ಆರೂವರೆವರೆಗೆ ಆಟ, ಓದು, ಒಂದಿಷ್ಟು ತಿಂಡಿಯ ವ್ಯವಸ್ಥೆಯಾದರೆ ಆ ತಾಯಿ ಹೊಲಿಗೆ ಯಂತ್ರದ ಮುಂದೆ ನೆಮ್ಮದಿಯಾಗಿ ಕೂರಬಲ್ಲಳು. ಹತ್ತು ಮತ್ತು ಪಿಯುಸಿಯಲ್ಲಿ ಓದುವ ಮಕ್ಕಳಿರುವವರ ವರ್ಗಾವಣೆಯನ್ನು, ಅಪ್ಪನಾಗಲಿ ಅಮ್ಮನಾಗಲಿ, ಪರೀಕ್ಷೆ ಮುಗಿಯುವವರೆಗೆ ತಡೆಯುವುದಕ್ಕೆ ಸರ್ಕಾರ ಪೈಸೆ ಖರ್ಚು ಮಾಡಬೇಕಿಲ್ಲ.

ಅಪ್ಪ ಎಂದೆ. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಗೆಲಸ ಮಾಡುವ ಹೆಂಗಸು ದಿನಕ್ಕೆ ಅದಕ್ಕೆ ಕೊಡುವುದು 289 ನಿಮಿಷ, ಗಂಡಸು 88. ಮಕ್ಕಳು ದೊಡ್ಡವರಾದ ಮೇಲೆ ಅಪ್ಪಂದಿರು ಮಾಡಬಹುದಾದ್ದು ಬಹಳ ಇದೆ: ಫಿಸಿಕ್ಸ್ ಟ್ಯೂಷನ್ನಿಗೆ ಬಿಟ್ಟು ಬರುವುದು, ಪೋಷಕರ ಸಭೆಗೆ ಹೋಗುವುದು, ಬೇಸರದಲ್ಲಿರುವ ಮಗನ ಪಕ್ಕದಲ್ಲಿ ಸುಮ್ಮನೆ ಕೂರುವುದು. ಮಗಳಿಗೆ ಜ್ವರ ಎಂದು ಶಾಲೆಯಿಂದ ಕರೆ ಬರುವುದು ಇಂದಿಗೂ ಮೊದಲು ಅಮ್ಮನಿಗೆ, ಅವಳು ಆ ಹೊತ್ತಿಗೆ ಆಡಿಟ್‌ನಲ್ಲಿರಲಿ, ಆಪರೇಷನ್ ಥಿಯೇಟರಿನಲ್ಲಿರಲಿ. ಪ್ರವೇಶದ ಅರ್ಜಿಯಲ್ಲಿ ಅಪ್ಪನ ನಂಬರೂ ಇರುತ್ತದೆ. ಈ ಜೂನ್‌ನಲ್ಲಿ ಅಪ್ಪಂದಿರು ಶಾಲೆಗೆ ಹೋಗಿ, ಮೊದಲು ಕರೆಯಬೇಕಾದ ನಂಬರು ತಮ್ಮದೆಂದು ಬರೆಸಿ ಬರಲಿ.